ಗಂಗಿ ದಾಟದ ಹೊಸ್ತಿಲು

ಅಕ್ಕನಾಗಮ್ಮ ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮದ ಬೊಟ್ಟಿಟ್ಟು, ಇನ್ನೂ ಬೆರಳು ಒರೆಸಿಕೊಂಡಿರಲಿಲ್ಲ. ಅಷ್ಟರಲ್ಲಿ ಗಂಗಿ ಬಂದು ಅದರ ಮೇಲೆಯೇ ಮುಂಗಾಲಿಟ್ಟಿತು. "ಹಚಾ" ಎಂದುಬಿಟ್ಟಳು.

ಬೇಕೆಂದು ಅಂದದ್ದಲ್ಲ. ನಾಯಿ ಕಂಡರೆ ಯಾರ ಬಾಯಲ್ಲೂ ಬರುವ ಮಾತೇ ಅದು. ಆದರೆ ಗಂಗಿ ಬಾಲ ಮುದುರಿಕೊಂಡು ಓಡಿ, ಅಂಗಳದಲ್ಲಿ ನಿಂತಿದ್ದ ಹತ್ತಿ ಹೇರುವ ಟ್ರ್ಯಾಲಿಯ ಕೆಳಗೆ ಸೇರಿತು. ಆದೋನಿಯ ಮುಚ್ಚಿಹೋದ ಹತ್ತಿ ಮಿಲ್ಲೊಂದರಲ್ಲಿ ಹುಟ್ಟಿ ಬೆಳೆದ ನಾಯಿ. ಮನೆ ಅಂದರೇನು, ಮನೆಮಂದಿ ಅಂದರೇನು, ಪಾಪ ಅದಕ್ಕೇನು ಗೊತ್ತು? ಮನುಷ್ಯರ ಬಾಯಿಂದ ಅದು ಕಲಿತಿದ್ದುದು ಆ ಒಂದೇ ಮಾತು. ಬಂದಾಗಿನಿಂದ ಅಂಗಳದ ಮೂಲೆ ಹಿಡಿದಿದ್ದ ಪ್ರಾಣಿ ಅವತ್ತೇ ಮೊದಲ ಸಲ ತಾನಾಗಿ ಒಳಗೆ ಬರಲು ಹೊರಟಿತ್ತು.

ಅದನ್ನು ತಂದು ಬಿಟ್ಟವಳು ಅಕ್ಕನಾಗಮ್ಮನ ತಮ್ಮನ ಮಗಳು ಭುವನಾ. ಬೀದಿಪಾಲಾದ ನಾಯಿಗಳಿಗೆ ಮನೆ ಹುಡುಕಿಕೊಡುವುದು ಅವಳ ಹುಚ್ಚು. ಸುದ್ದಿ ಕೇಳಿ ಫೋನಿನಲ್ಲೇ ಕೈಚೆಲ್ಲಿದಳು.

"ಒತ್ತಾಯ ಬ್ಯಾಡ ಬಿಡ್ರಿ ಅತ್ತಿ. ಐತಾರ ಬರ್ತೀನಿ. ಅಷ್ಟೊತ್ತಿಗೂ ಒಳಗ ಬರಲಿಲ್ಲಂದ್ರ ಹಾಲಹರವಿ ಕಡೆ ಒಬ್ರು ಹೊಲ ಕಾಯಾಕ ಕೇಳ್ಯಾರ, ಕೊಡೂನು. ಸರಪಳಿ ಹಾಕೇ ಇಡ್ತಾರ ಖರೆ, ಏಂ ಚೇಸ್ತಾಂ, ಏನ್ ಮಾಡೂದು?"

"ಒದಿಯೋ ಎಮ್ಮಿ ಹಿಂಡಿದಾಕಿ ನಾನು. ಈ ಮೂಕಪ್ರಾಣಿ ನನ್ನ ಕೈಯಾಗ ಪಳಗಂಗಿಲ್ಲೇನು? ನೀ ಉಣ್ಣಾಕ ಬಾ ಸುಮ್ನ," ಎಂದಳು ಅಕ್ಕನಾಗಮ್ಮ.

ಮಾತಾಡಿದಷ್ಟು ಸಲೀಸಾಗಲಿಲ್ಲ. ಹಾಲು ರೊಟ್ಟಿ ಕಲಸಿಟ್ಟಳು, ಬೆಣ್ಣೆ ಇಟ್ಟಳು. ಅಂಗಳದಲ್ಲಿಟ್ಟರೆ ತಿನ್ನುತ್ತಿತ್ತು. ಪಡಸಾಲೆಯಲ್ಲಿಟ್ಟರೆ ಹೊಸ್ತಿಲ ತನಕ ಬಂದು, ಅರಿಶಿನವನ್ನೇ ನೋಡಿ ಹಿಂದೆ ಸರಿಯುತ್ತಿತ್ತು.

"ನನಗ ಒಂದಿನಾನೂ ಇಷ್ಟು ಬೆಣ್ಣಿ ಹಚ್ಚಿದ್ದಿಲ್ಲ ನೀನು," ಎಂದು ಗಂಡ ಉರುಕುಂದಪ್ಪ ಕಿಚಾಯಿಸಿದ.

"ನೀವು ಕರೀದಿದ್ರೂ ಒಳಗ ಬರ್ತೀರಲ್ಲ," ಎಂದು ಅವಳೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ಹೊಸ್ತಿಲು ಪೂಜೆ ಮಾಡುವಾಗ ತಲೆಯೆತ್ತಿದಳು. ಟ್ರ್ಯಾಲಿಯ ಕೆಳಗಿನಿಂದ ಎರಡು ಕಣ್ಣು ಅವಳ ಕೈಯನ್ನೇ ನೋಡುತ್ತಿದ್ದವು. ಇದಕ್ಕೆ ಮನೆಯ ಹೆದರಿಕೆಯಲ್ಲ, ನನ್ನ ಈ ಹೊಸ್ತಿಲಿನದೇ ಹೆದರಿಕೆ ಅನ್ನಿಸಿತು ಅವಳಿಗೆ. ಆ ಕುತ್ತಿಗೆಗೆ ಸರಪಳಿ ಬೀಳುವುದನ್ನು ನೆನೆದು ಎದ್ದಳು. ಒಳಗೆ ಹೋಗಿ ರೊಟ್ಟಿ ತಂದವಳೇ, ಹಸಿ ಅರಿಶಿನದ ಮೇಲೆ ಕುಳಿತುಬಿಟ್ಟಳು.

ಆ ಮನೆಯಲ್ಲಿ ಹೊಸ್ತಿಲನ್ನು ಯಾರೂ ತುಳಿದವರಿಲ್ಲ. ಅಂಬೆಗಾಲಿಡುವ ಕೂಸನ್ನೂ ಎತ್ತಿ ದಾಟಿಸುತ್ತಿದ್ದರು.

"ಏನಿದು, ಹೊಸ್ತಿಲ ಮ್ಯಾಲ ಕುಂತೀ? ಲಕ್ಷ್ಮಿ ಇರೋ ಜಾಗ ಅದು," ಎಂದ ಉರುಕುಂದಪ್ಪ ಗಾಬರಿಯಾಗಿ.

"ಲಕ್ಷ್ಮಿ ನಮ್ಮಾಕೀನ ಅದಾಳ. ಒಂದೀಟು ಸರದು ಕುಂದ್ರತಾಳ. ನೀವು ಹಿತ್ತಲಿಂದ ಹೋಗ್ರಿ."

ಅವನು ಗೊಣಗಿಕೊಂಡು ಹೋದ. ಬಿಸಿಲು ಅಂಗಳಕ್ಕಿಳಿಯಿತು. ಅವಳ ಕಾಲು ಜೋಮು ಹಿಡಿಯಿತು. ಕೊನೆಗೆ ಗಂಗಿ ನೆಲಕ್ಕೆ ಹೊಟ್ಟೆ ಎಳೆದುಕೊಂಡು ಬಂತು. ಅವಳ ಪಕ್ಕದಲ್ಲಿ, ಅದೇ ಅರಿಶಿನದ ಮೇಲೆ, ಮುಂಗಾಲಿಟ್ಟಿತು. ಇಟ್ಟು, ಆ ಮಾತು ಈಗ ಬರುತ್ತದೆಂದು ಅವಳ ಮುಖವನ್ನೇ ನೋಡಿತು.

"ಬಾರವ್ವ," ಎಂದಳು ಅಕ್ಕನಾಗಮ್ಮ. ತವರಿಗೆ ಬಂದ ಮಗಳನ್ನು ಕರೆಯುವಂತೆಯೇ ಕರೆದಳು, ಕರೆಯುತ್ತಲೇ ಕಣ್ಣು ತುಂಬಿಕೊಂಡಳು.

ಭುವನಾಳ ಸ್ಕೂಟಿ ಬಂದು ನಿಂತಾಗ ಗಂಗಿ ಹೊಸ್ತಿಲಿಗೆ ಅಡ್ಡಲಾಗಿ ಮಲಗಿ ನಿದ್ದೆ ಹೋಗಿತ್ತು. ತಲೆ ಪಡಸಾಲೆಯೊಳಗೆ ಸರಿದು ಕುಳಿತಿದ್ದ ಅಕ್ಕನಾಗಮ್ಮನ ತೊಡೆಯ ಮೇಲಿತ್ತು, ಬಾಲ ಇನ್ನೂ ಹೊರಗಿತ್ತು.

"ಇಲ್ಲಿ ದಾಟಬ್ಯಾಡ," ಎಂದು ಅಕ್ಕನಾಗಮ್ಮ ಮೆಲ್ಲಗೆ ಹೇಳಿದಳು. "ಹಿತ್ತಲ ಬಾಗಲಿಂದ ಬಾ. ನಿಮ್ಮ ಮಾವನೂ ಹಂಗ ಹೋಗ್ಯಾರ."

ಭುವನಾ ತಂದಿದ್ದ ಹಗ್ಗವನ್ನು ಸ್ಕೂಟಿಯ ಮೇಲೆಯೇ ಬಿಟ್ಟು, ಸಪ್ಪಳವಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗೋಡೆ ಸುತ್ತಿ ಹಿತ್ತಲ ಕಡೆ ನಡೆದಳು.