ನೂರಕ್ಕೆ ತೊಂಬತ್ತೆಂಟು ಹಸಿರು

ಹುತ್ರಿದುರ್ಗದ ತಪ್ಪಲಿನಲ್ಲಿರುವ ಪುಟ್ಟತಾಯಮ್ಮನ ರಾಗಿ ಹೊಲಕ್ಕೆ ಆ ವರ್ಷ ಒಂದು ಕಣ್ಣು ಬಂತು. ತುಮಕೂರಿನ ಯಾವುದೋ ಬೆಳೆ ಯೋಜನೆಯವರು ಬದುವಿನ ಮೇಲೆ ಎದೆಮಟ್ಟದ ಪೈಪು ನೆಟ್ಟು, ತುದಿಗೊಂದು ಅಗ್ಗದ ಕ್ಯಾಮೆರಾ ಕಟ್ಟಿಹೋದರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅದು ಒಂದೇ ಒಂದು ಫೋಟೋ ತೆಗೆದು ಕಳಿಸುತ್ತದೆ. ತುಮಕೂರಿನ ಕಂಪ್ಯೂಟರು ಅದರಲ್ಲಿ ಹಸಿರೆಷ್ಟಿದೆ ಎಂದು ಅಳೆಯುತ್ತದೆ. ಬಿಸಿಲಲ್ಲಿ ಹೊಲಕ್ಕೆ ಬರುವ ಕಷ್ಟ ಪಾಪ ಯಾರಿಗೂ ಇಲ್ಲ.

ಹಸಿರಾಗಿರುವ ಹೊಲದ ರಾಗಿಯನ್ನು ಮುಂದಿನ ವರ್ಷ ಕುಣಿಗಲ್ ತಾಲೂಕಿಗೆಲ್ಲ ಬಿತ್ತನೆಗೆ ಹಂಚುತ್ತಾರಂತೆ. ಅತ್ತೆಯ ಕಾಲದಿಂದ ಮಡಕೆಯಲ್ಲಿ ಕಾಪಾಡಿಕೊಂಡು ಬಂದ ತಳಿ ನಾಲ್ಕೂರು ಕಾಣಲಿ ಎಂಬುದೊಂದೇ ಪುಟ್ಟತಾಯಮ್ಮನ ಆಸೆ. ಪಟ್ಟಿ ಮುಗಿಯುವುದು ಶುಕ್ರವಾರ.

ಸೋಮವಾರ ಬೆಳಗಿನ ತಂಪಿನಲ್ಲಿ ಗಂಡ ಮಹಾದೇವಯ್ಯ ಎತ್ತು ಕಟ್ಟಿ ಎಳೆ ಪೈರಿನ ಮೇಲೆ ಹಲುವೆ ಹೊಡೆದ. ಹಲುವೆ ಎಂದರೆ ಮರದ ಹಲ್ಲಿನ ದೊಡ್ಡ ಬಾಚಣಿಗೆ. ಒತ್ತಾದ ಪೈರು ಕಿತ್ತುಬರಬೇಕು, ಉಳಿದದ್ದು ನೆಲಕ್ಕೆ ಮಲಗಿ, ಎಂಟು ದಿನಕ್ಕೆ ಎದ್ದು ಬುಡದಲ್ಲಿ ತೆಂಡೆ, ಅಂದರೆ ಮರಿಪೈರು, ಒಡೆಯಬೇಕು. ಒಂಬತ್ತಕ್ಕೆಲ್ಲ ಎತ್ತುಗಳು ಮನೆ ಸೇರಿದವು. ಹನ್ನೆರಡಕ್ಕೆ ಕ್ಯಾಮೆರಾ ಕಣ್ಣು ಬಿಟ್ಟಿತು.

ಮಂಗಳವಾರ ಯೋಜನೆಯ ನಾಗಭೂಷಣ್ ಫೋನ್ ಮಾಡಿದ. "ಅಜ್ಜಿ, ನಿಮ್ ಬೆಳೆ ಸತ್ತೋಗಿದೆ."

"ಹಲುವೆ ಹೊಡ್ದಿದೀವಿ ಕಣಪ್ಪ. ಮಲಗೈತೆ, ಎದ್ದೇಳ್ತದೆ."

"ಗ್ರಾಫೇ ನೆಲ ಕಚ್ಚಿದೆ. ಉತ್ತು ಹುರುಳಿ ಹಾಕ್ಬುಡಿ. ಪಟ್ಟಿಯಿಂದ ನಿಮ್ ಹೆಸ್ರು ತೆಗೀತೀವಿ."

"ಒಂದ್ಸಲ ಬಂದು ನೋಡೋಗಪ್ಪ."

"ಬರೋ ಹಂಗಿದ್ರೆ ಕ್ಯಾಮೆರಾ ಯಾಕಜ್ಜಿ ಹಾಕ್ತಿದ್ವಿ?"

"ನಿಮ್ಮೂರು ಯಾವ್ದಪ್ಪ?"

"ಗುಬ್ಬಿ. ತೆಂಗಿನ ತೋಟ ಇದೆ."

"ಅದಕ್ಕೇ ಬುಡು. ತೆಂಗಿನ ಮರಕ್ಕೆ ಯಾರೂ ಹಲುವೆ ಹೊಡ್ಯಲ್ಲ."

ಪಕ್ಕದಲ್ಲಿದ್ದ ಮಹಾದೇವಯ್ಯ ಗಡ್ಡ ಕೆರೆದುಕೊಂಡ. "ಓದಿರೋರು ಹೇಳ್ತಾವ್ರೆ ಕಣೇ. ಉತ್ತುಬುಡಾನಾ?"

"ಉತ್ತುಬುಡು. ಆಮೇಲೆ ಆ ಪೈಪನ್ನೇ ಮುದ್ದೆ ಕಟ್ಟಿಕೊಡ್ತೀನಿ, ನುಂಗುವಂತೆ."

ಅವರು ಬರುವುದಿಲ್ಲವಾದರೆ ಹಲುವೆಯನ್ನೇ ಅವರಿಗೆ ತೋರಿಸೋಣ ಎಂದುಕೊಂಡಳು. ಫೋಟೋ ಎಂದ ಮೇಲೆ ಚೆನ್ನಾಗಿ ಉಡಬೇಕಲ್ಲ! ಬುಧವಾರ, ಗೌರಿ ಹಬ್ಬಕ್ಕೆ ಮಗಳು ಕೊಟ್ಟ ಗಿಣಿಹಸಿರು ಸೀರೆ ಉಟ್ಟು, ಹಲುವೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಸರಿಯಾಗಿ ಹನ್ನೆರಡಕ್ಕೆ ಕ್ಯಾಮೆರಾದ ಮೂತಿಗೆ ಸೆರಗು ತಾಗುವಷ್ಟು ಹತ್ತಿರ ನಿಂತಳು.

ಗುರುವಾರ ಬೆಳಗ್ಗೆಯೇ ಫೋನು. "ಅಜ್ಜಿ, ನೂರಕ್ಕೆ ತೊಂಬತ್ತೆಂಟು ಹಸಿರು! ಇಡೀ ಜಿಲ್ಲೆಗೇ ಫಸ್ಟು! ಏನ್ ಗೊಬ್ಬರ ಹಾಕುದ್ರಿ ಅಂತ ಸಾಹೇಬ್ರು ಕೇಳ್ತಿದಾರೆ."

"ಅದು ನನ್ ಸೀರೆ ಕಣಪ್ಪ."

"ತಮಾಷೆ ಮಾಡ್ಬೇಡಿ. ಕಂಪ್ಯೂಟರ್ ಸುಳ್ಳು ಹೇಳಲ್ಲ. ನಾಳೆವರ್ಗೂ ಹಿಂಗೇ ಇರ್ಲಿ, ಹೆಸ್ರು ಸೇರುಸ್ತೀನಿ."

ನಿಜ ಹೇಳಿದ್ದಾಯಿತು, ಎರಡು ಸಲ. ಪುಟ್ಟತಾಯಮ್ಮ ಸೀರೆ ಒಗೆದು, ಕ್ಯಾಮೆರಾದ ಮುಂದೆ ಹಗ್ಗ ಕಟ್ಟಿ ಒಣಹಾಕಿದಳು. ಶುಕ್ರವಾರ ಅದೇ ಸೀರೆ ಮತ್ತೆ ಕೊಳೆಯಾಯಿತು, ಮತ್ತೆ ಒಗೆಸಿಕೊಂಡು ಹಗ್ಗ ಏರಿತು. ಅವಳ ಹೆಸರು ಪಟ್ಟಿಯ ತಲೆಯಲ್ಲಿ ಕೂತಿತು. ಶನಿವಾರ, ಭಾನುವಾರ, ಸೋಮವಾರವೂ ಸೀರೆಗೆ ಬಿಡುವಿರಲಿಲ್ಲ.

ಮುಂದಿನ ಮಂಗಳವಾರ ಹೊಲಕ್ಕೆ ಹೋದರೆ ರಾಗಿ ಎದ್ದು ನಿಂತಿತ್ತು, ಒಂದೊಂದು ಬುಡಕ್ಕೆ ಐದಾರು ತೆಂಡೆ. ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡು, "ಈಗ ನೋಡಪ್ಪ ಕಣ್ತುಂಬ," ಎಂದು ಕ್ಯಾಮೆರಾಕ್ಕೆ ಹೇಳಿ ಬಂದಳು.

ಸಂಜೆಗೆ ನಾಗಭೂಷಣನ ಗಾಬರಿಯ ದನಿ: "ಅಜ್ಜಿ, ಎಪ್ಪತ್ತಕ್ಕೆ ಇಳಿದೋಗಿದೆ! ಬೆಳೆ ಬಾಡ್ತಿದೆ, ತಕ್ಷಣ ಯೂರಿಯಾ ಹಾಕಿ!"

"ಯೂರಿಯಾ ಯಾಕಪ್ಪ," ಎಂದಳು ಪುಟ್ಟತಾಯಮ್ಮ, "ಇನ್ನೊಂದ್ಸಲ ಒಗೆದು ಹಾಕ್ತೀನಿ ಬುಡು."