ಕಿಟಕಿಗೆ ಏರುವ ಕುರ್ಚಿ

ನನ್ನ ಚಿಂತೆ ಸಣ್ಣದಿತ್ತು, ಒಂದು ಮುಳ್ಳಿನ ತುದಿಯಷ್ಟು. ಬರೆಯೋಣವೆಂದು ಡೈರಿ ತೆರೆದೆ. ಮೋಡ, ಗಾಳಿ ಅಂತ ನಾಲ್ಕು ಸಾಲು ಗೀಚಿ ಮುಚ್ಚಿದೆ. ಕಾಗದಕ್ಕೂ ಹೇಳಲು ಸಂಕೋಚ. ಕೊನೆಗೆ ನನಗೆ ನಾನೇ ಹೇಳಿಕೊಂಡೆ: ಅಜ್ಜಿಯ ಕುರ್ಚಿಯ ಮೀಟರಿನಲ್ಲಿ ಮುಳ್ಳು ಇಳಿಯುತ್ತಿದೆ.

ಆ ಕುರ್ಚಿ ಮಾಡಿದ್ದು ಅಪ್ಪ. ಅವನದು ಗಾಡಿ ರಿಪೇರಿಯ ಗ್ಯಾರೇಜು. ನಮ್ಮ ಮನೆ ಅದರ ಬೆನ್ನಿಗೇ ಅಂಟಿಕೊಂಡಿದೆ. ಸೊಂಟದ ಮೂಳೆ ಮುರಿದು ಅಜ್ಜಿಗೆ ನಿಲ್ಲಲಾಗದೆ ಹೋದ ಮೇಲೆ ಅವಳ ಮಂಚ ಹಿಂದಿನ ಕೋಣೆಗೆ ಬಂತು. ಅಲ್ಲಿರುವುದು ಒಂದೇ ಕಿಟಕಿ, ಅದೂ ತಲೆಗಿಂತ ಮೇಲೆ. "ಬೀದಿ ಕಾಣದ ಕಣ್ಣಿಗೆ ಕನ್ನಡಕ ಯಾಕೆ?" ಎಂದು ಅಜ್ಜಿ ಕನ್ನಡಕ ಕಳಚಿಟ್ಟಳು. ಅಪ್ಪ ಗಾಡಿ ಎತ್ತುವ ಹಳೆಯ ಲಿಫ್ಟೊಂದನ್ನು ಬಿಚ್ಚಿ ತಂದು, ಅದರ ಕಂಬಕ್ಕೆ ಕುರ್ಚಿಯನ್ನು ವೆಲ್ಡ್ ಮಾಡಿದ.

"ನನ್ನನ್ನೇನು ಲಾರಿ ಅಂದ್ಕೊಂಡ್ಯೇನೋ?" ಎಂದಳು ಅಜ್ಜಿ.

"ಲಾರಿ ಆಗಿದ್ರೆ ಹಾರ್ನ್ ಆದ್ರೂ ಕಮ್ಮಿ ಹೊಡೀತಿತ್ತಮ್ಮ."

ಸಂಜೆ ಅಜ್ಜಿಯನ್ನು ಏರಿಸುವುದು ನನ್ನ ಪಾಲಿನ ಕೆಲಸ. ಪದವಿ ಮುಗಿಸಿ ಮನೆಯಲ್ಲಿದ್ದೇನೆ. ಯಾರಾದರೂ ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿದು ಅಡುಗೆಮನೆಗೆ ಜಾರುತ್ತೇನೆ. ಅದಕ್ಕೇ ಅಜ್ಜಿ ನನಗೆ ಇಲಿಮರಿ ಅಂತ ಹೆಸರಿಟ್ಟಿದ್ದಾಳೆ. ಆ ಕೋಣೆಯಲ್ಲಿ ಮಾತ್ರ ಓಡಿಹೋಗುವ ಗೋಜಿಲ್ಲ. ಸ್ಟೂಲಿನ ಮೇಲೆ ಕೂತು ಹಿಡಿಕೆ ಒತ್ತುತ್ತೇನೆ. ಹತ್ತು ಸಲ ಒತ್ತಿದರೆ ಕುರ್ಚಿ ಒಂದು ಬೆರಳಗಲ ಏರುತ್ತದೆ. ಎಣ್ಣೆ ಒಳಗೆಲ್ಲೋ ನಿದ್ದೆಯಲ್ಲಿರುವವರ ಹಾಗೆ ಗುಟುಕರಿಸುತ್ತದೆ. ಕೆರೆಯ ತಳದಿಂದ ತೇಲಿ ಬರುವವಳಂತೆ ಅಜ್ಜಿ ನೆರಳಿನಿಂದ ಮೇಲೇಳುತ್ತಾಳೆ. ಮೊದಲು ಬಿಳಿಕೂದಲಿಗೆ ಬಿಸಿಲು ತಾಗುತ್ತದೆ, ಆಮೇಲೆ ಹಣೆಗೆ, ಆಮೇಲೆ ಈಗ ಮತ್ತೆ ಹಾಕಿಕೊಳ್ಳುವ ಕನ್ನಡಕ ಎರಡು ಪುಟ್ಟ ದೀಪಗಳಾಗುತ್ತದೆ. ನಾನು ಉದ್ದಕ್ಕೆ ಉಸಿರು ಬಿಡುತ್ತೇನೆ.

"ದರ್ಜಿ ಹೊಸ ಟೋಪಿ ಹಾಕ್ಕೊಂಡು ಹೊರಟಿದಾನೆ," ಎಂದು ಮೇಲಿನಿಂದ ವರದಿ ಬರುತ್ತದೆ. "ಅಂಗಡಿ ಗೊಂಬೆ ತಲೆ ಮೇಲಿದ್ದಾಗ್ಲೇ ಆ ಟೋಪಿ ಚೆನ್ನಾಗಿತ್ತು."

ಕುರ್ಚಿಯ ಬುಡದಲ್ಲಿ ಎಣ್ಣೆಯ ಒತ್ತಡ ತೋರಿಸುವ ಮೀಟರಿದೆ. ಓದಿದ್ದು ಭೌತಶಾಸ್ತ್ರವಾದ್ದರಿಂದ ನನಗೆ ಮಾತಿಗಿಂತ ಲೆಕ್ಕ ಸಲೀಸು. ಒಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಕಿಲೋ ಭಾರ ಕೂತಿದೆ ಎಂದು ಮುಳ್ಳು ಹೇಳುತ್ತದೆ. ಕುರ್ಚಿಯನ್ನು ಹೊತ್ತ ಪಿಸ್ಟನ್ನಿನ ವಿಸ್ತೀರ್ಣ ಇಪ್ಪತ್ತು ಚದರ ಸೆಂಟಿಮೀಟರ್. ಅದರಿಂದ ಗುಣಿಸಿದರೆ ಮೇಲಿನ ಭಾರವೆಲ್ಲ ಸಿಗುತ್ತದೆ. ಮೊದಮೊದಲು ಮುಳ್ಳು ಮೂರು ಪಾಯಿಂಟ್ ಆರರಲ್ಲಿ ನಿಲ್ಲುತ್ತಿತ್ತು, ಅಂದರೆ ಎಪ್ಪತ್ತೆರಡು ಕಿಲೋ. ಕುರ್ಚಿಯದೇ ಇಪ್ಪತ್ತು ಕಳೆದರೆ ಅಜ್ಜಿ ಐವತ್ತೆರಡು. ಈಗ ಮುಳ್ಳು ಮೂರು ಪಾಯಿಂಟ್ ಮೂರಕ್ಕೆ ಬಂದಿದೆ. ಆರು ಕಿಲೋ ಅಜ್ಜಿ ಎಲ್ಲಿ ಹೋದಳು?

ಕೇಳಬೇಕಾದ್ದನ್ನು ಕೇಳಲಾಗದೆ, "ಅಪ್ಪಾ, ಆ ಮೀಟರ್ ಸರಿ ಇದೆಯಾ?" ಎಂದೆ.

"ಅದಾ? ಗುಜರಿ ಮಾಲು. ಕುಡಿದೋನ ಥರ ಆ ಕಡೆ ಈ ಕಡೆ ವಾಲುತ್ತೆ. ನಂಬಬೇಡ."

ನಂಬದಿರಲು ನನಗೂ ಆಸೆಯಿತ್ತು. ಅಜ್ಜಿ ಮಂಚದಲ್ಲಿ ಮಲಗಿದ್ದಾಗ ಖಾಲಿ ಕುರ್ಚಿಯನ್ನು ಏರಿಸಿ ನೋಡಿದೆ. ಮುಳ್ಳು ನೆಟ್ಟಗೆ ಒಂದರ ಮೇಲೆ ನಿಂತಿತು. ಇಪ್ಪತ್ತು ಕಿಲೋ ಕುರ್ಚಿಗೆ ತಕ್ಕ ಲೆಕ್ಕ. ಮೀಟರು ಕುಡಿದಿರಲಿಲ್ಲ.

ಮಾರನೆಯ ಸಂಜೆ ಕುರ್ಚಿ ಕಿಟಕಿ ಮುಟ್ಟಿದಾಗ, ಅಜ್ಜಿ ಶಾಲಿನ ಮಡಿಕೆಯಿಂದ ಏನನ್ನೋ ತೆಗೆದು ಹೊರಗೆ ಚೆಲ್ಲಿದಳು. ಪಾರಿವಾಳಗಳು ರೆಕ್ಕೆ ಬಡಿದು ಇಳಿದವು. ಕತ್ತೇ ಕಾಣದಷ್ಟು ದುಂಡಗಿದ್ದವು. ಮಧ್ಯಾಹ್ನ ಅಮ್ಮ ಅವಳ ತಟ್ಟೆಗೆ ಹಾಕಿದ್ದ ಬ್ರೆಡ್ಡು ಅದು. ನನ್ನ ಕೈ ಹಿಡಿಕೆಯ ಮೇಲೆ ಹಾಗೇ ನಿಂತಿತು. ರೂಢಿಯಂತೆ ಉಸಿರು ಹೊರಬಂತು.

"ಇನ್ನೂ ಭಾರಾನಾ?" ಅಜ್ಜಿ ಬಗ್ಗಿ ನೋಡಿದಳು. "ದಿನಾ ಪಾಪ ಹಾಗೆ ಏದುಸಿರು ಬಿಡ್ತೀಯ. ಅರ್ಧಕ್ಕರ್ಧ ಊಟ ಬಿಟ್ಟಿದೀನಿ ಕಣೇ. ಇವತ್ತಾದ್ರೂ ಹಗುರ ಅನ್ನಿಸ್ತಾ? ನಿಮ್ಮಮ್ಮಂಗೆ ಹೇಳಬೇಡ, ರಂಪ ಮಾಡ್ತಾಳೆ."

 ತಲೆಯಲ್ಲಿ ಲೆಕ್ಕ ತನ್ನಷ್ಟಕ್ಕೆ ನಡೆಯಿತು. ಎಣ್ಣೆಯಲ್ಲಿ ಒತ್ತಡ ಎಲ್ಲೆಲ್ಲೂ ಒಂದೇ. ಹಿಡಿಕೆಯ ಕೆಳಗಿರುವ, ನನ್ನ ಕಡೆಯ ಪಿಸ್ಟನ್ ಒಂದೇ ಒಂದು ಚದರ ಸೆಂಟಿಮೀಟರಿನದು. ಅದನ್ನು ಒತ್ತಲು ಮೂರು ಚಿಲ್ಲರೆ ಕಿಲೋ ಸಾಕು. ಉದ್ದನೆಯ ಹಿಡಿಕೆ ಅದನ್ನೂ ಆರು ಪಾಲು ಮಾಡಿ ಒಂದೇ ಪಾಲನ್ನು ನನ್ನ ಕೈಗೆ ಬಿಡುತ್ತದೆ. ಅಜ್ಜಿ ತನ್ನ ಮೈಯಿಂದ ಆರು ಕಿಲೋ ಕರಗಿಸಿದಳು. ನನ್ನ ಕೈಗೆ ಕಡಿಮೆಯಾದದ್ದು ಐವತ್ತು ಗ್ರಾಂ. ಒಂದು ಕೋಳಿಮೊಟ್ಟೆ.

"ಅರ್ಧ ಕಿಲೋ," ಎಂದೆ.

"ಏನೇ ಅದು ಅರ್ಧ ಕಿಲೋ?"

"ನೀನು. ನನ್ನ ಕೈಗೆ ನೀನು ಅಷ್ಟೇ ಭಾರ ಅಜ್ಜಿ. ಮೊದ್ಲೂ ಅಷ್ಟೇ ಇದ್ದೆ. ಮಿಕ್ಕಿದ್ದೆಲ್ಲ ಎಣ್ಣೆ ಹೊರುತ್ತೆ."

"ಸುಳ್ಳುಬುರುಕಿ. ನನ್ನ ಸಮಾಧಾನಕ್ಕೆ ಹೇಳ್ತೀಯ. ಹಾಗಿದ್ರೆ ಆ ಉಸಿರು ಯಾಕೆ?"

ಲೆಕ್ಕ ಅಲ್ಲಿಗೆ ಮುಗಿಯಿತು. ಉಳಿದ ಬ್ರೆಡ್ಡು ಇನ್ನೂ ಅವಳ ಮುಷ್ಟಿಯಲ್ಲಿತ್ತು. ನಾನು ಹಿಡಿಕೆ ಬಿಟ್ಟು ಎದ್ದು ನಿಂತೆ.

"ಅದು ಸುಸ್ತಲ್ಲ ಅಜ್ಜಿ!" ನನ್ನ ದನಿ ಬೀದಿಗೂ ಕೇಳಿರಬೇಕು, ಪಾರಿವಾಳಗಳು ಒಟ್ಟಿಗೇ ಹಾರಿದವು. "ನಾನು ಇಡೀ ದಿನ ಉಸಿರು ಹಿಡ್ಕೊಂಡೇ ಇರ್ತೀನಿ. ನಿನ್ನ ಮೇಲೆತ್ತೋವಾಗ ಮಾತ್ರ ಬಿಡ್ತೀನಿ."