ಗಾರೆಯಮ್ಮನ ಥರ್ಮಾಕೋಲ್ ಬೀದಿ

ಬಲಭುಜ ಕೈಕೊಟ್ಟ ಮೇಲೆ ಗಾರೆಯಮ್ಮ ಮನೆಯಲ್ಲಿ ಕೂತಳು. ಮೂವತ್ತೆರಡು ವರ್ಷ ಊರಿನ ಗೋಡೆಗಳಿಗೆ ಗಾರೆ ಬಳಿದವಳು. ಓಣಿಯಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಈಗ ತುಂಬಿದ ಬಾಂಡ್ಲಿ ಎತ್ತುವ ಹಾಗಿಲ್ಲ, ತಲೆಯ ಮೇಲಕ್ಕೆ ಕರಣೆ ಆಡಿಸುವ ಹಾಗಿಲ್ಲ. ಸುಮ್ಮನೆ ಕೂರುವ ಜಾಯಮಾನವಂತೂ ಅವಳದಲ್ಲ. ದಿನವೆಲ್ಲ ಮನೆಯ ಗೋಡೆಗೆ ಅಂಗೈ ಸವರುತ್ತ, "ಇಲ್ಲಿ ಉಬ್ಬು, ಇಲ್ಲಿ ತಗ್ಗು, ಯಾವ ಪುಣ್ಯಾತ್ಮ ಬಳಿದನೋ" ಎಂದು ಗೊಣಗುತ್ತಿದ್ದಳು.

ಸೊಸೆ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಕೈಕೆಲಸದ ಟೀಚರು. ಶಾಲೆಯ ಗೇಟಿನಿಂದ ಬಸ್‌ಸ್ಟಾಪಿನವರೆಗಿನ ಬೀದಿಯನ್ನು ಮಕ್ಕಳು ಮುಟ್ಟಿ ತಿಳಿಯುವಂತೆ ದೊಡ್ಡ ಹಲಗೆಯ ಮೇಲೆ ಉಬ್ಬುಚಿತ್ರ ಮಾಡಬೇಕೆಂದು ಅವಳ ಆಸೆ. ಜೇಡಿಮಣ್ಣಿನಲ್ಲಿ ಮಾಡಿದಳು, ವಾರಕ್ಕೆಲ್ಲ ಉದುರಿತು. ಸಿಮೆಂಟಿನಲ್ಲಿ ಮಾಡಿದಳು, ಅದನ್ನು ತೂಗುಹಾಕಿದ ಪ್ಲೈವುಡ್ ಗೋಡೆಯೇ ಬಾಗಿತು. ಆಮೇಲೆ ಅವಳ ಕಣ್ಣು ಬಿದ್ದದ್ದು ಶಾಲೆಯ ಎದುರಿನ ಫ್ರಿಡ್ಜ್ ಅಂಗಡಿಯ ಮೇಲೆ. ಅಂಗಡಿಯ ಹಿಂದೆ ಆಳೆತ್ತರದ ಥರ್ಮಾಕೋಲ್ ರಾಶಿ; ಗಾಳಿ ಬೀಸಿದರೆ ಬಿಳಿ ಕಾಳು ಚರಂಡಿ ತುಂಬ. ಅಂಗಡಿಯವನು, "ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ" ಎಂದ.

ಸೊಸೆ ಅದನ್ನು ಮನೆಯ ತಾರಸಿಗೆ ಹೊತ್ತು ತಂದಳು. ಅಸಿಟೋನ್, ಅಂದರೆ ಉಗುರುಬಣ್ಣ ಅಳಿಸುವ ದ್ರಾವಣದ ದೊಡ್ಡಣ್ಣ, ಅದನ್ನು ಡಬ್ಬಕ್ಕೆ ಸುರಿದು ಥರ್ಮಾಕೋಲ್ ಮುರಿದು ಹಾಕಿದರೆ ಒಂದು ಮೂಟೆ ಕರಗಿ ಒಂದು ಹಿಡಿ ಅಂಟಾಗುತ್ತಿತ್ತು. ಹಲಗೆಗೆ ಬಳಿದರೆ ಒಳಗೆಲ್ಲ ಗುಳ್ಳೆ, ಮೇಲೆ ಬಿರುಕು. ಗಾರೆಯಮ್ಮ ಏಳು ದಿನ ತುಟಿ ಕಚ್ಚಿಕೊಂಡು ನೋಡಿದಳು. ಎಂಟನೆಯ ದಿನ ಅವಳಿಂದ ಆಗಲಿಲ್ಲ.

"ಏನೇ ಇದು, ಒಂದೇ ಸಲಕ್ಕೆ ಹೀಗೆ ಮೆತ್ತಿದ್ರೆ ಗುಳ್ಳೆ ಬರದೆ ಇನ್ನೇನು ಬರುತ್ತೆ? ಮೇಲಿನದು ಒಣಗಿ ಬಾಯಿ ಮುಚ್ಚುತ್ತೆ, ಒಳಗಿನದು ಉಸಿರು ಕಟ್ಟಿ ಉಬ್ಬುತ್ತೆ."

"ಇದು ಗಾರೆ ಅಲ್ವಲ್ಲ ಅತ್ತೆ, ಪ್ಲಾಸ್ಟಿಕ್ಕು."

"ಬಳಿಯೋದು ಅಂದ್ಮೇಲೆ ಎಲ್ಲಾ ಗಾರೇನೇ. ಆ ಕಡೆ ಸರಿ."

ಸೊಸೆ ಸರಿದಳು. ಆದರೆ ಒಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ: ಕೈಗವಸು ಹಾಕಲೇಬೇಕು, ತಾರಸಿಯಲ್ಲೇ ಕೆಲಸ, ಹತ್ತಿರದಲ್ಲಿ ಬೆಂಕಿಕಡ್ಡಿ ಕೂಡ ಗೀರಬಾರದು. "ಕೈಗವಸು ಹಾಕ್ಕೊಂಡ್ರೆ ಗಾರೆ ನನ್ನ ಜೊತೆ ಮಾತಾಡಲ್ಲ ಕಣೇ" ಎಂದು ಗಾರೆಯಮ್ಮ ರಂಪ ಮಾಡಿ, ಕೊನೆಗೆ ತೆಳುವಾದ ಒಂದು ಜೊತೆಗೆ ಒಪ್ಪಿದಳು.

ಬರೀ ಅಂಟಿಗೆ ಮೈ ಇಲ್ಲ, ಅದಕ್ಕೆ ಪುಡಿ ಬೇಕು ಎಂದಳು. ಮಾರ್ಬಲ್ ಕೊಯ್ಯುವ ಕಡೆಯಿಂದ ಪುಡಿ ತರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ಸಲ ಜರಡಿ ಹಿಡಿದಳು. ಮೊದಲನೆಯ ಹದ ಪುಡಿಪುಡಿಯಾಯಿತು. ಎರಡನೆಯದು ಕರಣೆಯನ್ನೇ ಕಚ್ಚಿಕೊಂಡು ಬಿಡಲಿಲ್ಲ. ಐದನೆಯದು ಚೆನ್ನಾಗಿದೆ ಎಂದು ಸೊಸೆ ಕುಣಿದಳು. ಗಾರೆಯಮ್ಮ ಉಗುರಿನಲ್ಲಿ ಗೀರಿ ನೋಡಿ ಎಸೆದಳು. ಒಂಬತ್ತನೆಯದನ್ನು ಕರಣೆಯ ಮೇಲೆ ಎತ್ತಿ ಬೋರಲು ಹಿಡಿದಳು. ಅದು ಬೀಳಲಿಲ್ಲ. ಒಂದು ಸಲ ಕುಟ್ಟಿದಳು. ನಿಧಾನಕ್ಕೆ ಜಾರಿ, ಹಲಗೆಯ ಮೇಲೆ ಹಾಗೇ ಕೂತಿತು.

"ಬಂತು ನೋಡು ಹದ!" ಎಂದಳು. ಕೆಲಸ ಬಿಟ್ಟ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ಸೊಸೆ ನೋಡಿದ್ದು ಅದೇ ಮೊದಲು.

ಆಮೇಲಿನ ಕೆಲಸ ಬೀದಿಯದು. ಗಾರೆಯಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಸೊಸೆಯ ಮೊಣಕೈ ಹಿಡಿದು, ಗೇಟಿನಿಂದ ಬಸ್‌ಸ್ಟಾಪಿನವರೆಗೆ ಗೋಡೆ ತಡವುತ್ತ ಮೂರು ಸಲ ನಡೆದಳು. "ಅಯ್ಯೋ, ಗಾರೆಯಮ್ಮನ ಕಣ್ಣಿಗೇನಾಯ್ತು?" ಎಂದು ದರ್ಜಿ ಹೊಲಿಗೆ ಬಿಟ್ಟು ಎದ್ದು ಬಂದ. "ಕಣ್ಣು ಸರಿಯಾಗೇ ಇದೆ, ನಿನ್ನ ಮೆಟ್ಟಿಲೇ ಒಂದು ಬೆರಳು ಹೊರಗೆ ಬಂದಿದೆ" ಎಂದು ಅವಳು ಮುಂದೆ ನಡೆದಳು.

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿಕೊಂಡದ್ದರಿಂದ ಭುಜ ತಕರಾರು ಮಾಡಲಿಲ್ಲ. ಉಗುರಿನಷ್ಟು ದಪ್ಪ ಒಂದು ಕೈ ಬಳಿಯುವುದು, ಹಸಿ ಇರುವಾಗಲೇ ಬಾಚಣಿಗೆಯಿಂದ ಗೀರುವುದು, ಪೂರ್ತಿ ಒಣಗಿದ ಮೇಲೆ ಗೀರಿನ ಮೇಲೆ ಮುಂದಿನ ಕೈ. ಬೆಳಗ್ಗೆ ಕೆಲಸಕ್ಕೆ ಹೊರಟ ಮಗ, "ಮನೇಲಿ ಒಂದು ಬಾಚಣಿಗೆನಾದ್ರೂ ಉಳಿಸ್ರಮ್ಮ" ಎಂದು ಕೈಯಲ್ಲೇ ಕ್ರಾಪು ತಿದ್ದಿಕೊಂಡು ಹೋಗುತ್ತಿದ್ದ. ಎರಡು ತಿಂಗಳಿಗೆ ಬೀದಿ ಮುಗಿಯಿತು. ಇಟ್ಟಿಗೆಯ ಸಂದು, ಮೋರಿಯ ಚಪ್ಪಡಿ, ಅಂಗಡಿಯ ಶಟರಿನ ಅಲೆ, ದರ್ಜಿಯ ಮೆಟ್ಟಿಲು ಎಲ್ಲವೂ ಇದ್ದವು. ಮೂವತ್ತು ಮೂಟೆ ಕಸ ಅದರಲ್ಲಿ ಅಡಗಿತ್ತು. ಶಾಲೆಯಲ್ಲಿ ತೂಗುಹಾಕಿದರೆ ಪ್ಲೈವುಡ್ ಗೋಡೆ ಒಂದಿಷ್ಟೂ ಬಾಗಲಿಲ್ಲ.

ಹಲಗೆ ನೋಡಲು ನಾಳೆ ಅತಿಥಿಗಳು ಬರುತ್ತಾರೆ ಎನ್ನುವಾಗ ಹೆಡ್‌ಮಾಸ್ಟರು ಪೇಂಟರನ್ನು ಕರೆದುಕೊಂಡು ಬಂದರು.

"ಬರೀ ಬಿಳಿ ಬೋಳುಬೋಳು ಕಾಣುತ್ತೆ. ನಾಲ್ಕು ಬಣ್ಣ ಹಚ್ಚಿಸಿಬಿಡೋಣ."

ಗಾರೆಯಮ್ಮ ಹಲಗೆಗೆ ಅಡ್ಡ ನಿಂತಳು.

"ಬಣ್ಣ ಯಾರಿಗೆ ಮೇಷ್ಟ್ರೇ? ನಿಮ್ಮ ಮಕ್ಕಳು ನೋಡೋದು ಬೆರಳಲ್ಲಿ. ಈ ಸಂದು ಕೂದಲೆಳೆಯಷ್ಟಿದೆ, ಒಂದು ಕೈ ಬಣ್ಣ ಬಿದ್ರೆ ಮುಚ್ಚಿಹೋಗುತ್ತೆ. ಇವರ ಥಿನ್ನರ್ ಸೋಕಿದ್ರಂತೂ ಬೀದಿಗೆ ಬೀದೀನೇ ಮತ್ತೆ ಅಂಟು."

ಹೆಡ್‌ಮಾಸ್ಟರು ಪೇಂಟರ್ ಕಡೆ ನೋಡಿದರು. ಆತ ಕೈಯನ್ನು ಪ್ಯಾಂಟಿಗೆ ಒರೆಸಿ, ಕಣ್ಣು ಮುಚ್ಚಿ, ಹಲಗೆ ಮುಟ್ಟಿದ. ಬೆರಳು ಮೆಲ್ಲಗೆ ಸಾಗಿ ಒಂದು ಕಡೆ ನಿಂತಿತು. "ಇದು ಮೋರಿ ಪಕ್ಕದ ಒಡೆದ ಚಪ್ಪಡಿ! ದಿನಾ ಎಡವ್ತೀನಲ್ಲ!" ಎಂದ. ಆಮೇಲೆ ಡಬ್ಬದ ಮುಚ್ಚಳ ಬಿಗಿ ಮಾಡಿ, "ಇದಕ್ಕೆ ಬಣ್ಣ ಹಚ್ಚಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ ಸಾರ್" ಎಂದು ಹೊರಟೇಹೋದ. ಹೆಡ್‌ಮಾಸ್ಟರು ತಾವೂ ಒಮ್ಮೆ ಕಣ್ಣು ಮುಚ್ಚಿ ಮುಟ್ಟಿದರು. ಮತ್ತೆ ಬಣ್ಣದ ಮಾತೆತ್ತಲಿಲ್ಲ.

ಮರುದಿನ ಅತಿಥಿಗಳಿಗಿಂತ ಮೊದಲೇ ಮಕ್ಕಳು ಹಲಗೆಯ ಸುತ್ತ ಮುತ್ತಿಕೊಂಡರು. ಹಿಂದಿನ ವಾರ ತಾನೇ ಶಾಲೆಗೆ ಸೇರಿದ ಒಬ್ಬಳು ಹುಡುಗಿ ಎರಡು ಬೆರಳಲ್ಲಿ ಗೇಟಿನಿಂದ ಹೊರಟು, ಮೋರಿ ದಾಟಿ, ದರ್ಜಿಯ ಮೆಟ್ಟಿಲು ಬಳಸಿ, ಬಸ್‌ಸ್ಟಾಪಿನ ಕಂಬ ಮುಟ್ಟಿದಳು. "ಟೀಚರ್, ನಾನೊಬ್ಬಳೇ ಹೋಗಿಬಿಟ್ಟೆ!" ಎಂದು ಕೂಗಿದಳು.

ಗಾರೆಯಮ್ಮ ಮೂಲೆಯ ಬೆಂಚಿನಲ್ಲಿ ಕೂತಿದ್ದಳು. ಅವಳು ಬಳಿದ ಗೋಡೆಗಳೆಲ್ಲ ಬಣ್ಣದ ಕೆಳಗೆ ಹೋಗಿದ್ದವು. ಆ ಮನೆಗಳವರು ಒಳಗೆ ಕಾಲಿಡುವ ಹೊತ್ತಿಗೆ ಅವಳು ಇನ್ನೊಂದು ಕಟ್ಟಡದಲ್ಲಿರುತ್ತಿದ್ದಳು. ತನ್ನ ಕೆಲಸವನ್ನು ಯಾರಾದರೂ ಹೀಗೆ ಅಂಗುಲ ಅಂಗುಲ ಮುಟ್ಟುವುದನ್ನು ಅವಳು ಕಂಡದ್ದೇ ಇಲ್ಲ. ಎದೆ ತುಂಬಿ ಬಂತು. ಬೆನ್ನು ತಾನಾಗಿ ನೆಟ್ಟಗಾಯಿತು.

ಅತಿಥಿಯೊಬ್ಬರು ಸೊಸೆಯನ್ನು ಕೇಳಿದರು: "ಇದಕ್ಕೇನಂತಾರೆ? ಹೊಸ ಸಾಮಾನಾ?"

"ಇದನ್ನ ಕಂಡುಹಿಡಿದವರು ಅಲ್ಲಿ ಕೂತಿದ್ದಾರೆ, ನಮ್ಮತ್ತೆ. ಅವರನ್ನೇ ಕೇಳಿ" ಎಂದಳು ಸೊಸೆ, ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಈಗ ಪ್ರತಿ ಶನಿವಾರ ಬೇರೆ ಬೇರೆ ಶಾಲೆಗಳ ಟೀಚರುಗಳು ಕೈಗವಸು ಹಾಕಿಕೊಂಡು ತಾರಸಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ದಪ್ಪ ಬಳಿದವರಿಗೆ ಗಾರೆಯಮ್ಮನ ಬೈಗುಳ ತಪ್ಪಿದ್ದಲ್ಲ. ಮುಂದಿನ ಹಲಗೆ ರೈಲು ನಿಲ್ದಾಣದ್ದು. ಅಲ್ಲಿ ಸೇತುವೆಗೆ ನಲವತ್ತೆರಡು ಮೆಟ್ಟಿಲು. ಗಾರೆಯಮ್ಮ ನಿನ್ನೆ ತಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ, ಎಣಿಸಿ ಬಂದಿದ್ದಾಳೆ.